ಮಿಂಟ್ ರೋಡಿನ ಹಗ್ಗಜಗ್ಗಾಟ

ಭಾರತೀಯ ರಿಸರ್ವ್ ಬ್ಯಾಂಕಿನ ಮೊದಲ ಗವರ್ನರ್ ಸರ್ ಆಸ್ಬೋರ್ನ್ ಸ್ಮಿತ್ ಅವರ ಸಹಿ ಹೊತ್ತ ನೋಟು ಒಂದೂ ಇಲ್ಲ. ಆಸ್ಟ್ರೇಲಿಯಾ ಮೂಲದ ಸ್ಮಿತ್ ಇಂಪೀರಿಯಲ್ ಬ್ಯಾಂಕಿನಲ್ಲಿ ಪಳಗಿದ್ದ ವೃತ್ತಿಪರ ಬ್ಯಾಂಕರ್. 1935ರ ಏಪ್ರಿಲ್ 1ರಂದು ಬ್ಯಾಂಕ್ ಬಾಗಿಲು ತೆರೆದ ದಿನವೇ ಅಧಿಕಾರ ವಹಿಸಿಕೊಂಡರು. ಆದರೆ ರೂಪಾಯಿಯ ವಿನಿಮಯ ದರ ಎಷ್ಟಿರಬೇಕು, ಬಡ್ಡಿ ಎಷ್ಟಿರಬೇಕು ಎಂಬ ವಿಷಯದಲ್ಲಿ ಅವರಿಗೂ ವೈಸರಾಯ್ ಸರ್ಕಾರಕ್ಕೂ ಸರಿಬರಲಿಲ್ಲ. ಅವಧಿ ಮುಗಿಯುವ ಮೊದಲೇ, 1937ರ ಜೂನ್ ಕೊನೆಗೆ ಹೊರಟುಹೋದರು. ಬ್ಯಾಂಕಿನ ಹೆಸರಲ್ಲಿ ಮೊದಲ ನೋಟು ಹೊರಬಂದದ್ದು 1938ರ ಜನವರಿಯಲ್ಲಿ. ಆರನೇ ಜಾರ್ಜ್ ದೊರೆಯ ಚಿತ್ರವಿದ್ದ ಆ 5 ರೂಪಾಯಿಯ ನೋಟಿಗೆ ಸಹಿ ಹಾಕಿದವರು ಜೇಮ್ಸ್ ಟೇಲರ್, ಐಸಿಎಸ್ ಅಧಿಕಾರಿ. ಬ್ಯಾಂಕರ್ ಹೋದ ಜಾಗಕ್ಕೆ ಸರ್ಕಾರದ ಮನುಷ್ಯ ಬಂದಿದ್ದರು.

ಬ್ಯಾಂಕು ಯಾರ ಮಾತು ಕೇಳಬೇಕು ಎಂಬ ಜಗಳ ಅದು ಹುಟ್ಟುವ ಮೊದಲೇ ಶುರುವಾಗಿತ್ತು. ಕೇಂದ್ರ ಬ್ಯಾಂಕೊಂದು ಬೇಕೆಂದು 1926ರಲ್ಲಿ ಶಿಫಾರಸು ಮಾಡಿದ್ದು ಹಿಲ್ಟನ್ ಯಂಗ್ ಆಯೋಗ. ರೂಪಾಯಿಯ ಸಮಸ್ಯೆಯ ಬಗ್ಗೆ ಪುಸ್ತಕ ಬರೆದಿದ್ದ ಡಾ. ಬಿ.ಆರ್. ಅಂಬೇಡ್ಕರ್ ಕೂಡ ಆ ಆಯೋಗದ ಮುಂದೆ ಸಾಕ್ಷ್ಯ ಹೇಳಿದ್ದರು. ಮರುವರ್ಷ ಬಂದ ಮಸೂದೆ, ಬ್ಯಾಂಕು ಷೇರುದಾರರದ್ದಾಗಬೇಕೋ ಸರ್ಕಾರದ್ದಾಗಬೇಕೋ ಎಂಬ ವಾದದಲ್ಲೇ ಸಿಕ್ಕಿ ಬಿದ್ದುಹೋಯಿತು. ಕೊನೆಗೆ 1934ರ ಕಾಯ್ದೆ ಷೇರುದಾರರ ಪರ ನಿಂತಿತು: 5 ಕೋಟಿ ರೂಪಾಯಿ ಬಂಡವಾಳ, ತಲಾ 100 ರೂಪಾಯಿಯ ಷೇರು, ಬಹುಪಾಲು ಖಾಸಗಿಯವರ ಕೈಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ತಕ್ಕಡಿ ಇನ್ನೊಂದು ಕಡೆ ವಾಲಿತು. 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರೀಕರಣವಾಯಿತು.

ಈ ನಡುವೆ ಅದು ಒಂದಲ್ಲ, ಮೂರು ದೇಶಗಳ ಬ್ಯಾಂಕಾಗಿತ್ತು ಎಂಬುದು ಅನೇಕರಿಗೆ ಮರೆತೇಹೋಗಿದೆ. ಜಪಾನೀಯರ ವಶದಲ್ಲಿದ್ದ ವರ್ಷಗಳನ್ನು ಬಿಟ್ಟರೆ 1947ರವರೆಗೆ ಬರ್ಮಾಕ್ಕೂ ಇದೇ ಕೇಂದ್ರ ಬ್ಯಾಂಕು. ದೇಶ ವಿಭಜನೆಯಾದ ಮೇಲೂ 1948ರ ಜೂನ್ ಕೊನೆಯವರೆಗೆ ಪಾಕಿಸ್ತಾನದ ಕೆಲಸವನ್ನೂ ಇದೇ ನೋಡಿಕೊಂಡಿತು. ಪಾಕಿಸ್ತಾನ ಸರ್ಕಾರದ ಹೆಸರು ಅಚ್ಚಾದ ನಮ್ಮದೇ ನೋಟುಗಳು ಅಲ್ಲಿ ಚಲಾವಣೆಯಲ್ಲಿದ್ದವು.

ರಾಷ್ಟ್ರೀಕರಣದ ನಿಜವಾದ ಅರ್ಥವೇನೆಂದು ಪೆಟ್ಟು ತಿಂದು ಕಲಿತವರು ಕರಾವಳಿಯ ಬೆನಗಲ್ ರಾಮರಾವ್. ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗರಾವ್ ಅವರ ತಮ್ಮ. ಐಸಿಎಸ್ ಮುಗಿಸಿ, ಜಪಾನ್ ಮತ್ತು ಅಮೆರಿಕದಲ್ಲಿ ರಾಯಭಾರಿಯಾಗಿ, 1949ರ ಜುಲೈಯಲ್ಲಿ ಗವರ್ನರ್ ಆದರು. ಏಳೂವರೆ ವರ್ಷ ಆ ಕುರ್ಚಿಯಲ್ಲಿದ್ದರು. ಅಷ್ಟು ದೀರ್ಘ ಕಾಲ ಇನ್ನಾರೂ ಕೂತಿಲ್ಲ. 1956ರ ಕೊನೆಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕ ಏರಿಸಿದರು. ಮೇಲ್ನೋಟಕ್ಕೆ ಅದೊಂದು ತೆರಿಗೆ ಅಷ್ಟೆ. ಆದರೆ ಆ ಹುಂಡಿಗಳ ಆಧಾರದ ಮೇಲೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲ ತನ್ನಷ್ಟಕ್ಕೇ ದುಬಾರಿಯಾಯಿತು. ಬಡ್ಡಿದರ ನಿರ್ಧರಿಸುವುದು ತಮ್ಮ ಕೆಲಸ, ಸಚಿವರು ಹಿಂಬಾಗಿಲಿನಿಂದ ಅದನ್ನು ಮಾಡಿದ್ದಾರೆ ಎಂದು ರಾಮರಾವ್ ಪ್ರತಿಭಟಿಸಿದರು. ರಿಸರ್ವ್ ಬ್ಯಾಂಕೆಂದರೆ ಸರ್ಕಾರದ ಒಂದು ಇಲಾಖೆ ಎಂಬ ಧಾಟಿ ಸಚಿವರದ್ದು. ಪ್ರಧಾನಿ ನೆಹರೂ ಕೂಡ ಸಚಿವರ ಬೆನ್ನಿಗೇ ನಿಂತು, ಬ್ಯಾಂಕು ಸರ್ಕಾರದ ಹಲವು ಚಟುವಟಿಕೆಗಳ ಒಂದು ಭಾಗವೇ ಎಂಬರ್ಥದಲ್ಲಿ ಬರೆದರು. 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು.

ಆದರೆ ಅವರ ಕಾಲದ್ದೇ ಒಂದು ಒಪ್ಪಂದ ಬ್ಯಾಂಕಿನ ಕೈಯನ್ನು ಇದಕ್ಕಿಂತ ಗಟ್ಟಿಯಾಗಿ ಕಟ್ಟಿಹಾಕಿತ್ತು. ಖಜಾನೆಯ ಶಿಲ್ಕು ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗಲೆಲ್ಲ ತಾತ್ಕಾಲಿಕ ಖಜಾನೆ ಹುಂಡಿಗಳನ್ನು ತೆಗೆದುಕೊಂಡು ರಿಸರ್ವ್ ಬ್ಯಾಂಕು ತಾನಾಗಿ ಹಣ ತುಂಬಬೇಕೆಂದು 1955ರಲ್ಲಿ ಗೊತ್ತಾಯಿತು. ಅಡ್‌ಹಾಕ್ ಬಿಲ್ ಎಂಬ ಹೆಸರಿನ ಈ ತಾತ್ಕಾಲಿಕ ಏರ್ಪಾಡು ನಾಲ್ಕು ದಶಕ ನಡೆಯಿತು. ಸರ್ಕಾರದ ಕೊರತೆ ಸದ್ದಿಲ್ಲದೆ ನೋಟಾಗಿ ಬದಲಾಗುತ್ತಿತ್ತು. ಸಿ. ರಂಗರಾಜನ್ ಗವರ್ನರ್ ಆಗಿದ್ದಾಗ ಅದಕ್ಕೆ ಕೊನೆ ಹಾಡುವ ಒಪ್ಪಂದವಾಗಿ, 1997ರ ಏಪ್ರಿಲ್‌ನಲ್ಲಿ ನಿಂತಿತು. ರಿಸರ್ವ್ ಬ್ಯಾಂಕಿನ ಸ್ವಾಯತ್ತತೆಯ ಚರಿತ್ರೆಯಲ್ಲಿ ರಾಜೀನಾಮೆಗಳಿಗೆ ಸಿಗುವ ಪ್ರಚಾರ ಇಂಥ ಒಣ ಒಪ್ಪಂದಗಳಿಗೆ ಸಿಗುವುದಿಲ್ಲ. ಆದರೆ ತೂಕ ಇವುಗಳದ್ದೇ ಹೆಚ್ಚು.

ಮುಂಬೈನ ಮಿಂಟ್ ರೋಡಿನಲ್ಲಿರುವ ಕೇಂದ್ರ ಕಚೇರಿಯಲ್ಲಿ ಇಂದು ಗವರ್ನರ್, ಅವರ ಕೆಳಗೆ ಹೆಚ್ಚೆಂದರೆ ನಾಲ್ವರು ಡೆಪ್ಯುಟಿ ಗವರ್ನರ್‌ಗಳು. ಮೇಲೆ ಕೇಂದ್ರ ಮಂಡಳಿ. ಅದರ ನಿರ್ದೇಶಕರನ್ನೆಲ್ಲ ನೇಮಿಸುವುದು ಕೇಂದ್ರ ಸರ್ಕಾರ. ನೋಟಿನ ವಿಷಯದಲ್ಲೂ ಪಾಲು ಹಂಚಿಹೋಗಿದೆ. ಒಂದು ರೂಪಾಯಿಯ ನೋಟು ಸರ್ಕಾರದ್ದು, ಅದರ ಮೇಲಿರುವುದು ಹಣಕಾಸು ಕಾರ್ಯದರ್ಶಿಯ ಸಹಿ; ನಾಣ್ಯಗಳೂ ಸರ್ಕಾರದವೇ. ಉಳಿದ ನೋಟುಗಳು ಬ್ಯಾಂಕಿನವು. ಅವು ಅಚ್ಚಾಗುವ ನಾಲ್ಕು ಮುದ್ರಣಾಲಯಗಳಲ್ಲಿ ನಾಸಿಕ್ ಮತ್ತು ದೇವಾಸ್ ಸರ್ಕಾರಿ ನಿಗಮದ ಅಡಿಯಲ್ಲಿವೆ, ಮೈಸೂರು ಮತ್ತು ಸಾಲ್ಬೋನಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ಕೈಯಲ್ಲಿ. ಮೈಸೂರಿನಲ್ಲಿ ನೋಟಿನ ಕಾಗದವೂ ತಯಾರಾಗುತ್ತದೆ.

ರಿಸರ್ವ್ ಬ್ಯಾಂಕ್ ಕಾಯ್ದೆಯ 7ನೇ ಸೆಕ್ಷನ್ ಇನ್ನೂ ಹಾಗೇ ಇದೆ: ಗವರ್ನರ್ ಜೊತೆ ಸಮಾಲೋಚಿಸಿ, ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಬ್ಯಾಂಕಿಗೆ ನಿರ್ದೇಶನ ಕೊಡಬಹುದು. 2018ರಲ್ಲಿ ಈ ಸೆಕ್ಷನ್ನಿನ ಹೆಸರು ಪತ್ರಿಕೆಗಳಲ್ಲಿ ಓಡಾಡಿತು. ಆ ಡಿಸೆಂಬರ್‌ನಲ್ಲಿ ಗವರ್ನರ್ ಊರ್ಜಿತ್ ಪಟೇಲ್ ವೈಯಕ್ತಿಕ ಕಾರಣ ನೀಡಿ ರಾಜೀನಾಮೆ ಕೊಟ್ಟರು. ಬಡ್ಡಿದರದ ಮಟ್ಟಿಗೆ ಮಾತ್ರ 2016ರಲ್ಲಿ ಒಂದು ಲಿಖಿತ ನಿಯಮ ಬಂದಿದೆ. ಹಣದುಬ್ಬರದ ಗುರಿಯನ್ನು ಸರ್ಕಾರ ಗೊತ್ತುಮಾಡುತ್ತದೆ: ಶೇ 4, ಅದರ ಆಚೀಚೆ ಶೇ 2ರಷ್ಟು ಸಡಿಲಿಕೆ. ಅದನ್ನು ಮುಟ್ಟುವ ದಾರಿಯನ್ನು ಆರು ಜನರ ಹಣಕಾಸು ನೀತಿ ಸಮಿತಿ ಹುಡುಕುತ್ತದೆ. ಮೂವರು ಬ್ಯಾಂಕಿನವರು, ಮೂವರು ಹೊರಗಿನವರು. ಮತ ಸಮ ಬಂದರೆ ಗವರ್ನರ್‌ಗೆ ಇನ್ನೊಂದು ಮತ. ಸತತ ಮೂರು ತ್ರೈಮಾಸಿಕ ಗುರಿ ತಪ್ಪಿದರೆ ಬ್ಯಾಂಕು ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಮೊದಲ ಬಾರಿಗೆ ಹಾಗಾಯಿತು. ನವೆಂಬರ್ 3ರಂದು ಸಮಿತಿ ವಿಶೇಷ ಸಭೆ ಸೇರಿತು, ಪತ್ರ ದೆಹಲಿಗೆ ಹೋಯಿತು. ಅದು ಸರ್ಕಾರಕ್ಕೆ ಬರೆದದ್ದು, ತಾವಾಗಿ ಬಹಿರಂಗಪಡಿಸುವಂತಿಲ್ಲ ಎಂದರು ಆಗಿನ ಗವರ್ನರ್ ಶಕ್ತಿಕಾಂತ ದಾಸ್.