ಗೋಡೆ ಮೇಲೆ ಬರೀರಿ, ಬೈಯಲ್ಲ!

ಬಿ.ಇಡಿ ಓದುವಾಗ ಪಾಠ ಮಾಡುವ ಅಭ್ಯಾಸಕ್ಕೆಂದು ಕಾಕತಿಯ ಶಾಲೆಯೊಂದಕ್ಕೆ ಹೋಗಿದ್ದೆ. ಎಂಟನೇ ತರಗತಿ, ಕನ್ನಡ ವಿಷಯ. ಮೊದಲ ದಿನ ‘ನನ್ನ ಊರು’ ಪ್ರಬಂಧ ಬರೆಸಿದೆ. ಹೆಚ್ಚಿನವರದ್ದು ಒಂದೇ ಸಾಲಿನಿಂದ ಶುರು: ಕಾಕತಿ, ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ ಊರು. ಹೆಮ್ಮೆಯ ಮಾತೇ. ಆದರೆ ಆ ಊರಿನಲ್ಲಿ ಇವರ ಮನೆಗಳೇ ಕಾಣಲಿಲ್ಲ. ಕೊನೆಯ ಬೆಂಚಿನ ಹುಡುಗಿಯಂತೂ ಅಷ್ಟೇ ಬರೆದು ಪೆನ್ನು ಮುಚ್ಚಿದ್ದಳು. ಅವಳ ಮನೆಮಾತು ಮರಾಠಿ. ತಪ್ಪಾದರೆ ನಗುತ್ತಾರೆಂಬ ಭಯಕ್ಕೆ ತರಗತಿಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ.

ಆಗ ನೆನಪಾಗಿದ್ದು ಪ್ಯಾಡ್ಲೆಟ್. ಅದೊಂದು ಆನ್‌ಲೈನ್ ನೋಟಿಸ್ ಬೋರ್ಡ್. ನಾವು ಕಳಿಸಿದ ಲಿಂಕ್ ಒತ್ತಿದರೆ ಯಾರು ಬೇಕಾದರೂ ಅದರಲ್ಲಿ ಚೀಟಿ ಅಂಟಿಸಬಹುದು. ಮಕ್ಕಳಿಗೆ ಬೇರೆ ಖಾತೆ ಬೇಕಿಲ್ಲ, ಹೆಸರೂ ಹಾಕಬೇಕಿಲ್ಲ. ಟೈಪ್ ಮಾಡಲು ಬಾರದವರು ದನಿ ರೆಕಾರ್ಡ್ ಮಾಡಬಹುದು. ನಾನು ಒಪ್ಪಿದ ಮೇಲಷ್ಟೇ ಎಲ್ಲರಿಗೂ ಕಾಣುವಂತೆ ಸೆಟ್ಟಿಂಗ್ ಮಾಡಿಕೊಂಡೆ. ‘ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು?’ ಎಂದು ಕೇಳಿ, ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಲಿಂಕ್ ಹಾಕಿದೆ.

ಸಂಜೆಯವರೆಗೆ ಒಂದೂ ಚೀಟಿ ಇಲ್ಲ. ಮೊಬೈಲ್ ಇದ್ದದ್ದು ಅಪ್ಪಂದಿರ ಜೇಬಿನಲ್ಲಿ! ಅವರು ಕೆಲಸ ಮುಗಿಸಿ ಮನೆ ಸೇರಿದ ಮೇಲೆ, ರಾತ್ರಿ ಎಂಟರ ನಂತರ ಒಂದೊಂದೇ ಚೀಟಿ ಬಂತು. ಮೊಬೈಲ್ ಇಲ್ಲದವರು ಮರುದಿನ ಹಾಳೆಯಲ್ಲಿ ಬರೆದುಕೊಟ್ಟರು, ಫೋಟೊ ತೆಗೆದು ನಾನೇ ಅಂಟಿಸಿದೆ.

ಹೆಸರಿಲ್ಲದ ಚೀಟಿಯೊಂದರಲ್ಲಿ, ‘ನನ್ನ ಆಯಿ ನಾಲ್ಕಕ್ಕೆ ಏಳತಾಳ. ಕಾಯಿಪಲ್ಯ ತಗೊಂಡು ಬೆಳಗಾವಿಗೆ ಹೋಗತಾಳ’ ಎಂದಿತ್ತು. ನನ್ನದು ಬೈಲಹೊಂಗಲ ಕಡೆ. ನಮ್ಮಲ್ಲಿ ಆಯಿ ಎಂದರೆ ಅಜ್ಜಿ. ಗ್ರಾಂಥಿಕ ಕನ್ನಡ ಕಲಿಸುವ ಉತ್ಸಾಹದಲ್ಲಿ ಆ ಪದವನ್ನು ‘ಅಜ್ಜಿ’ ಎಂದು ತಿದ್ದಿಬಿಟ್ಟೆ. ‘ಈ ವಯಸ್ಸಲ್ಲೂ ಎಷ್ಟು ದುಡೀತಾರಲ್ಲ!’ ಅಂತ ಮೆಚ್ಚುಗೆಯನ್ನೂ ಬರೆದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು: ‘ಅಜ್ಜಿ ಅಲ್ರೀ ಟೀಚರ್, ನಮ್ಮವ್ವ.’

ಮರಾಠಿಯಲ್ಲಿ ಆಯಿ ಎಂದರೆ ತಾಯಿ. ಬೆಳಗಾವಿ ಜಿಲ್ಲೆಯಲ್ಲೇ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಕೆಂಪು ಪೆನ್ನು ಹಿಡಿದ ಕೈ ಕೇಳದೇ ತಿದ್ದಿತ್ತು. ಒಬ್ಬಳ ತಾಯಿಯನ್ನೇ ಚೀಟಿಯಿಂದ ಅಳಿಸಿಹಾಕಿದ್ದೆ. ತರಗತಿಯಲ್ಲಾಗಿದ್ದರೆ ಆ ಹುಡುಗಿ ತಲೆತಗ್ಗಿಸಿ ಕೂತುಬಿಡುತ್ತಿದ್ದಳು. ಇಲ್ಲಿ ನನ್ನನ್ನೇ ತಿದ್ದಿದಳು, ಅದೂ ಕನ್ನಡದಲ್ಲಿ. ‘ತಪ್ಪು ನನ್ನದು’ ಎಂದು ಎಲ್ಲರಿಗೂ ಕಾಣುವಂತೆ ಬರೆದು, ‘ಆಯಿ’ಯನ್ನು ಮೊದಲಿನಂತೆ ಕೂರಿಸಿದೆ.

ಮರುದಿನ ಹೊಸ ಬೋರ್ಡ್ ತೆರೆದೆ: ‘ನಿಮ್ಮನೇಲಿ ಇದಕ್ಕ ಏನಂತಾರ?’ ಕನ್ನಡದ ಮನೆಗೊಂದು ಸಾಲು, ಮರಾಠಿ ಮನೆಗೊಂದು ಸಾಲು. ನಮ್ಮ ತುಪ್ಪ ಅಲ್ಲಿ ತೂಪ. ಅಕ್ಕ, ಅಣ್ಣ ಎರಡೂ ಕಡೆ ಸಿಕ್ಕರು. ಸುಮ್ಮನಿದ್ದವರೆಲ್ಲ ಈಗ ಪದ ಹೇಳಿಕೊಡುವ ಮೇಷ್ಟ್ರುಗಳು!

ಆನ್‌ಲೈನ್ ಗೋಡೆಯನ್ನು ಪೂರ್ತಿ ನಂಬುವಂತಿಲ್ಲ. ಗೂಗಲ್‌ನ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿಯೇ ಹೋಯಿತು. ಹಾಗಾಗಿ ಕೊನೆಯ ದಿನ ಎಲ್ಲ ಚೀಟಿಗಳನ್ನು ಪಿಡಿಎಫ್ ಮಾಡಿ, ಪ್ರಿಂಟ್ ತೆಗೆಸಿ ತರಗತಿಯ ನಿಜವಾದ ಗೋಡೆಗೆ ಅಂಟಿಸಿದೆವು. ಕೊನೆಯ ಬೆಂಚಿನ ಹುಡುಗಿ ಎದ್ದು ಬಂದು ಆ ಚೀಟಿ ಹುಡುಕಿ, ಎಲ್ಲರಿಗೂ ಕೇಳುವಂತೆ ಓದಿದಳು. ‘ಆಯಿ’ ಎಂಬಲ್ಲಿ ನಿಲ್ಲಿಸಿ ನನ್ನತ್ತ ನೋಡಿ ನಕ್ಕಳು.

ಯಾರೂ ಅವಳನ್ನು ನೋಡಿ ನಗಲಿಲ್ಲ. ನಕ್ಕದ್ದು ನನ್ನನ್ನು ನೋಡಿ!