ದ್ವೀಪದ ಅಳತೆಗೆ ತಕ್ಕ ವಿಮಾನ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇ ಒಂದೊಂದೂ 4,000 ಮೀಟರ್ ಉದ್ದವಿದೆ. ಕೆರಿಬಿಯನ್ ಸಮುದ್ರದ ಸಾಬಾ ದ್ವೀಪದ್ದು ಸುಮಾರು 400 ಮೀಟರ್. ಅದರ ಎರಡು ತುದಿಗಳೂ ಕಡಲಿಗೆ ಕಡಿದಾಗಿ ಇಳಿಯುವ ಬಂಡೆಯ ಅಂಚಿನಲ್ಲಿ ಮುಗಿಯುತ್ತವೆ, ಮಗ್ಗುಲಲ್ಲೇ ಬೆಟ್ಟ. ಅಲ್ಲಿ ವಿಮಾನ ಇಳಿಯುವ ವಿಡಿಯೋ ನೋಡಿದವರು ಜಗತ್ತಿನಲ್ಲೇ ಇಷ್ಟು ಅಪಾಯದ ನಿಲ್ದಾಣ ಇನ್ನೊಂದಿಲ್ಲ ಎಂದು ಹುಬ್ಬೇರಿಸುತ್ತಾರೆ. ಪುಟ್ಟ ವಿಮಾನದಲ್ಲಿ ಕೆರಿಬಿಯನ್ ದ್ವೀಪಗಳನ್ನು ಸುತ್ತುವುದೆಂದರೆ ಒಂದೋ ಇಂಥ ಸಾಹಸ, ಇಲ್ಲವೇ ಹಣವಂತರ ಷೋಕಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೆ ಆ ದ್ವೀಪಗಳ ಭೂಗೋಳವನ್ನೂ ಚರಿತ್ರೆಯನ್ನೂ ಹತ್ತಿರದಿಂದ ನೋಡಿದರೆ ಅಲ್ಲಿ ಪುಟ್ಟ ವಿಮಾನವೇ ಸಹಜವಾದ ವಾಹನ ಎನ್ನುವುದು ಗೊತ್ತಾಗುತ್ತದೆ. ದ್ವೀಪದ ಅಳತೆಗೆ ವಿಮಾನವನ್ನು ಹೊಂದಿಸಿಕೊಂಡ ಕಡೆ ಜನರ ಬದುಕು ಹಗುರಾಗಿದೆ. ವಿಮಾನದ ಅಳತೆಗೆ ದ್ವೀಪವನ್ನು ಹಿಗ್ಗಿಸಲು ಹೊರಟ ಕಡೆ ಜಗಳ ಹುಟ್ಟಿದೆ.

ಸಾಬಾದಿಂದಲೇ ಶುರುಮಾಡೋಣ. ನೆದರ್‌ಲೆಂಡ್ಸ್‌ಗೆ ಸೇರಿದ ಈ ದ್ವೀಪದ ವಿಸ್ತೀರ್ಣ 13 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ಎರಡು ಸಾವಿರ. ಸಮುದ್ರದಿಂದ ನೆಟ್ಟಗೆ ಎದ್ದ ಜ್ವಾಲಾಮುಖಿ ಇದು. ದೋಣಿ ಎಳೆದು ನಿಲ್ಲಿಸಲು ಒಳ್ಳೆಯ ತೀರವಿಲ್ಲ. ಬಹುಕಾಲ ಇಲ್ಲಿಗೆ ಬಂದ ಸಾಮಾನು ಸರಂಜಾಮೆಲ್ಲ ಬಂಡೆಯಲ್ಲಿ ಕಡಿದ ಸುಮಾರು 800 ಮೆಟ್ಟಿಲು ಹತ್ತಿ ಮನುಷ್ಯರ ತಲೆಯ ಮೇಲೆಯೇ ಊರು ಸೇರಬೇಕಿತ್ತು. ಇಲ್ಲಿ ವಿಮಾನ ಇಳಿಸುವ ಮಾತನ್ನು ಯಾರೂ ನಂಬುವಂತಿರಲಿಲ್ಲ. ನೆರೆಯ ಸೇಂಟ್ ಬಾರ್ಟ್ಸ್ ದ್ವೀಪದ ಪೈಲಟ್ ರೆಮಿ ದ ಹೇನನ್ ಮಾತ್ರ ಫ್ಲಾಟ್ ಪಾಯಿಂಟ್ ಎಂಬ ಒಂದು ಮೂಲೆಯನ್ನು ನೋಡಿ ಆಗುತ್ತದೆ ಎಂದ. ಊರ ಜನ ಕೈಯಿಂದಲೇ ಕಲ್ಲು ಆಯ್ದು ನೆಲ ಹಸನು ಮಾಡಿಕೊಟ್ಟರು. 1959ರ ಫೆಬ್ರವರಿಯಲ್ಲಿ ಆತ ಅಲ್ಲಿ ವಿಮಾನ ಇಳಿಸಿ ತೋರಿಸಿದ. 1963ರಲ್ಲಿ ನಿಲ್ದಾಣ ಆರಂಭವಾಯಿತು. ಹಡಗು ನಿಲ್ಲುವ ಕಟ್ಟೆ ಬಂದದ್ದು ಅದಾದ ಮೇಲೆ, 1970ರ ದಶಕದಲ್ಲಿ. ಹಡಗುಕಟ್ಟೆಗಿಂತ ಮೊದಲು ವಿಮಾನ ನಿಲ್ದಾಣ ಕಂಡ ಊರಿನಲ್ಲಿ ವಿಮಾನವನ್ನು ವಿಲಾಸ ಎನ್ನುವುದಾದರೂ ಹೇಗೆ?

ಈಗ ಸಾಬಾಕ್ಕೆ ಬರುವುದು ಕೆನಡಾದಲ್ಲಿ ತಯಾರಾದ 19 ಸೀಟಿನ ಟ್ವಿನ್ ಆಟರ್. ನೆರೆಯ ಸಿಂಟ್ ಮಾರ್ಟನ್ ದ್ವೀಪದಿಂದ ಕಾಲು ಗಂಟೆಯ ಹಾದಿ. ವಿಮಾನ ಬೆಟ್ಟದ ಬದಿಯನ್ನು ಬಳಸಿ ತಿರುಗಿ ಬಂಡೆಯಂಚಿನ ಮೇಲೆ ಬರುವಾಗ ರೆಕ್ಕೆಯ ಹಿಂಭಾಗದ ಫ್ಲ್ಯಾಪ್‌ಗಳು ಪೂರ್ತಿ ಕೆಳಗೆ ಬಾಗಿರುತ್ತವೆ. ಅಗಲವಾದ ರೆಕ್ಕೆ ಮತ್ತು ಈ ಫ್ಲ್ಯಾಪ್‌ಗಳ ಬಲದಿಂದ ಅದು ಬಹಳ ಕಡಿಮೆ ವೇಗದಲ್ಲೂ ಗಾಳಿಯಲ್ಲಿ ನಿಲ್ಲಬಲ್ಲದು. ಚಕ್ರ ನೆಲಕ್ಕೆ ತಾಗಿದ ಕೂಡಲೇ ಪೈಲಟ್ ಪ್ರೊಪೆಲರ್ ಅಲಗುಗಳ ಕೋನವನ್ನು ತಿರುಗಿಸುತ್ತಾನೆ. ಅಷ್ಟು ಹೊತ್ತು ಮುಂದಕ್ಕೆ ಎಳೆಯುತ್ತಿದ್ದ ಪ್ರೊಪೆಲರೇ ಈಗ ಹಿಂದಕ್ಕೆ ತಳ್ಳುತ್ತದೆ. ಜತೆಗೆ ಬಲವಾದ ಬ್ರೇಕ್. ರನ್‌ವೇ ಇನ್ನೂ ಉಳಿದಿರುವಾಗಲೇ ವಿಮಾನ ನಿಂತಿರುತ್ತದೆ. ಇದಕ್ಕಾಗಿ ಪ್ರತ್ಯೇಕ ತರಬೇತಿ ಪಡೆದ ಪೈಲಟ್‌ಗಳಿಗೆ ಮಾತ್ರ ಇಲ್ಲಿ ಅವಕಾಶ. ರನ್‌ವೇಯ ತುದಿಗಳಲ್ಲಿ ಬಳಿದ ದೊಡ್ಡ ಗುಣಾಕಾರ ಚಿಹ್ನೆ, ಉಳಿದವರಿಗೆ ಈ ಜಾಗ ಮುಚ್ಚಿದೆ ಎಂದು ಆಕಾಶದಿಂದಲೇ ಹೇಳುತ್ತದೆ. ಸ್ವಂತ ವಿಮಾನದಲ್ಲಿ ದ್ವೀಪ ಸುತ್ತಲು ಬಂದವರು ಸಾಬಾಕ್ಕೆ ಹೋಗಬೇಕಾದರೆ ತಮ್ಮ ವಿಮಾನವನ್ನು ಸಿಂಟ್ ಮಾರ್ಟನ್‌ನಲ್ಲಿ ಬಿಟ್ಟು ಟಿಕೆಟ್ ಕೊಳ್ಳಬೇಕು. ಅದೇ ಸರಿಯಾದ ವ್ಯವಸ್ಥೆ.

ವಿಮಾನವಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮಾಂಟ್ಸೆರಾಟ್ ಸಾಕ್ಷಿ. ಪೂರ್ವ ಕೆರಿಬಿಯನ್ನನ್ನು ದಶಕಗಳ ಕಾಲ ಬೆಸೆದ ‘ಲಿಯಾಟ್’ ವಿಮಾನ ಸಂಸ್ಥೆ ಹುಟ್ಟಿದ್ದು ಈ ಪುಟ್ಟ ದ್ವೀಪದಲ್ಲಿ. 1956ರಲ್ಲಿ ಫ್ರಾಂಕ್ ಡೆಲಿಲ್ ಒಂದು ಪೈಪರ್ ಅಪಾಚೆ ವಿಮಾನ ಇಟ್ಟುಕೊಂಡು ಆಂಟಿಗುವಾಕ್ಕೆ ಹಾರಾಟ ಶುರುಮಾಡಿದರು. 1995ರಲ್ಲಿ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ ಎಚ್ಚರಗೊಂಡಿತು. ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. 1997ರ ಜೂನ್ 25ರಂದು ಬೆಟ್ಟದಿಂದ ನುಗ್ಗಿದ ಕೆಂಡಬೂದಿಯ ಪ್ರವಾಹಕ್ಕೆ 19 ಜನ ಬಲಿಯಾದರು, ವಿಮಾನ ನಿಲ್ದಾಣ ಶಾಶ್ವತವಾಗಿ ಕೈತಪ್ಪಿತು. ಮುಂದಿನ ಎಂಟು ವರ್ಷ ಫೆರಿ ಮತ್ತು ಹೆಲಿಕಾಪ್ಟರ್ ಬಿಟ್ಟರೆ ಗತಿಯಿರಲಿಲ್ಲ. ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ದ್ವೀಪ ಬಿಟ್ಟರು. ಅವರನ್ನು ಓಡಿಸಿದ್ದು ಜ್ವಾಲಾಮುಖಿಯೇ ಹೊರತು ವಿಮಾನದ ಕೊರತೆಯಲ್ಲ, ನಿಜ. ಆದರೂ ಉಳಿದ ಕೆಲವೇ ಸಾವಿರ ಜನರಿಗಾಗಿ 2005ರಲ್ಲಿ ಉತ್ತರದ ಗುಡ್ಡದ ಮೇಲೆ ಹೊಸ ನಿಲ್ದಾಣ ಕಟ್ಟಿದರು. ಅದರ ರನ್‌ವೇ 600 ಮೀಟರ್ ಕೂಡ ಇಲ್ಲ. ಆಂಟಿಗುವಾದಿಂದ ಹತ್ತಾರು ಜನರನ್ನು ಇಪ್ಪತ್ತು ನಿಮಿಷದಲ್ಲಿ ತಂದಿಳಿಸುವ ವಿಮಾನಕ್ಕೆ ಅಷ್ಟು ಸಾಕು.

ಸ್ವಂತ ವಿಮಾನದಲ್ಲಿ ಬರುವವರು ಬಳಸುವುದೂ ಹೀಗೆ ಊರಿನವರಿಗಾಗಿ ಹುಟ್ಟಿದ ಇಂಥದೇ ಪುಟ್ಟ ನಿಲ್ದಾಣಗಳನ್ನು. ಸಾಮಾನ್ಯ ದಾರಿ ಫ್ಲೋರಿಡಾದಿಂದ ಹೊರಟು ಬಹಾಮಾಸ್, ಟರ್ಕ್ಸ್ ಮತ್ತು ಕೈಕೋಸ್, ಡೊಮಿನಿಕನ್ ರಿಪಬ್ಲಿಕ್, ಪೋರ್ಟೊ ರಿಕೊ ದಾಟಿ ಪೂರ್ವದ ದ್ವೀಪಮಾಲೆಗೆ ತಲುಪುತ್ತದೆ. ನಾಲ್ಕು ಸೀಟಿನ ಒಂಟಿ ಎಂಜಿನ್ನಿನ ಸೆಸ್ನಾ 172ಕ್ಕೂ ಇದು ಸಾಧ್ಯ. ಎಂಜಿನ್ ಕೆಟ್ಟರೆ ಗತಿಯೇನು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಎಂಜಿನ್ ನಿಂತ ಸೆಸ್ನಾ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಮೀಟರ್ ಮುಂದೆ ತೇಲುತ್ತದೆ. 9,000 ಅಡಿ ಎತ್ತರದಲ್ಲಿದ್ದರೆ ಸುಮಾರು 25 ಕಿಲೋಮೀಟರ್ ದೂರದ ನೆಲ ಮುಟ್ಟಬಹುದು. ಫ್ಲೋರಿಡಾದಿಂದ ಬಹಾಮಾಸ್‌ನ ಬಿಮಿನಿಗೆ ಸುಮಾರು 80 ಕಿಲೋಮೀಟರ್. ಅಂದರೆ ನಡುವಿನ 30 ಕಿಲೋಮೀಟರ್, ಹತ್ತು ನಿಮಿಷದ ಹತ್ತಿರ, ಯಾವ ದಡವೂ ಎಟುಕುವುದಿಲ್ಲ. ಆ ಹತ್ತು ನಿಮಿಷಕ್ಕಾಗಿಯೇ ಲೈಫ್ ಜಾಕೆಟ್ ಹಿಂದಿನ ಸೀಟಿನಲ್ಲಿಡದೆ ಮೈಮೇಲೆ ಹಾಕಿಕೊಂಡಿರಬೇಕು, ಗಾಳಿ ತುಂಬುವ ತೆಪ್ಪ ಕೈಗೆ ಸಿಗುವಂತಿರಬೇಕು, ತುರ್ತು ಸಂಕೇತ ಕಳಿಸುವ ಬೀಕನ್ ಕೆಲಸ ಮಾಡುತ್ತಿರಬೇಕು. ಪೂರ್ವದ ಮಾಲೆಯಲ್ಲಿ ದ್ವೀಪಗಳು ಹತ್ತಿರ ಹತ್ತಿರವಿವೆ, ಆದರೆ ಜಿಗಿತ ಚಿಕ್ಕದಾದ್ದರಿಂದ ವಿಮಾನ ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ. ಹಾಗಾಗಿ ಅಲ್ಲೂ ಜಾಕೆಟ್ ಬಿಚ್ಚುವಂತಿಲ್ಲ.

ಕಡಲಿಗಿಂತ ಹೆಚ್ಚು ಕಾಡುವುದು ಕಾಗದಪತ್ರ. ಸಿಂಟ್ ಮಾರ್ಟನ್ ಸುತ್ತಲಿನ ನೂರು ಕಿಲೋಮೀಟರ್ ನೋಡಿ. ಆ ದ್ವೀಪವೇ 1648ರಿಂದ ಫ್ರೆಂಚ್ ಮತ್ತು ಡಚ್ ಭಾಗಗಳಾಗಿ ಹಂಚಿಹೋಗಿದೆ. ಉತ್ತರದ ಆಂಗ್ವಿಲಾ ಬ್ರಿಟನ್ನಿನದು, ಸೇಂಟ್ ಬಾರ್ಟ್ಸ್ ಫ್ರಾನ್ಸಿನದು, ಸೇಂಟ್ ಕಿಟ್ಸ್ ಮತ್ತು ನೆವಿಸ್ 1983ರಲ್ಲಿ ಸ್ವತಂತ್ರವಾದ ದೇಶ. ನಾವು ಕ್ರಿಕೆಟ್ಟಿನಲ್ಲಿ ವೆಸ್ಟ್ ಇಂಡೀಸ್ ಎಂದು ಕರೆಯುವ ಹೆಸರಿನ ದೇಶವೇ ಇಲ್ಲ. ಬ್ರಿಟಿಷ್ ದ್ವೀಪಗಳನ್ನು ಒಂದಾಗಿಸಲು 1958ರಲ್ಲಿ ಕಟ್ಟಿದ ಒಕ್ಕೂಟ 1962ಕ್ಕೇ ಒಡೆಯಿತು. ಹೀಗಾಗಿ ಹತ್ತು ನಿಮಿಷದ ಹಾರಾಟಕ್ಕೂ ಮುಂಗಡ ಫ್ಲೈಟ್ ಪ್ಲಾನ್, ಪ್ರಯಾಣಿಕರ ಪಟ್ಟಿ, ಎರಡೂ ಕಡೆ ಕಸ್ಟಮ್ಸ್, ಇಮಿಗ್ರೇಶನ್, ಇಳಿಯುವ ಶುಲ್ಕ. ಇಷ್ಟು ಬಿಗಿ ಇರಲೇಬೇಕು ಎನ್ನುವವರ ಬಳಿ ಗಟ್ಟಿಯಾದ ಕಾರಣವೂ ಇದೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಕಾರ್ಲೋಸ್ ಲೇಡರ್ ಬಹಾಮಾಸ್‌ನ ನಾರ್ಮನ್ಸ್ ಕೇ ದ್ವೀಪವನ್ನು ಹಿಡಿತಕ್ಕೆ ತೆಗೆದುಕೊಂಡು, ಅಲ್ಲಿನ ಪುಟ್ಟ ರನ್‌ವೇಯನ್ನೇ ಕೊಕೇನ್ ಸಾಗಣೆಯ ತಂಗುದಾಣ ಮಾಡಿಕೊಂಡಿದ್ದ. ಈ ಭಯವನ್ನು ತಳ್ಳಿಹಾಕಲಾಗದು. ಆದರೆ ಒಂದೇ ತಪಾಸಣೆಯನ್ನು ಆರು ಕಡೆ ಅರೆಬರೆ ಮಾಡುವುದಕ್ಕಿಂತ ಒಂದು ಕಡೆ ನೆಟ್ಟಗೆ ಮಾಡಿ ಮಾಹಿತಿ ಹಂಚಿಕೊಳ್ಳುವುದು ಮೇಲು. ಅದು ಆಗದ ಮಾತೂ ಅಲ್ಲ. 2007ರ ವಿಶ್ವಕಪ್ ಕ್ರಿಕೆಟ್‌ಗಾಗಿ ಹತ್ತು ಕೆರಿಬಿಯನ್ ದೇಶಗಳು ಫೆಬ್ರವರಿಯಿಂದ ಮೇ ಮಧ್ಯದವರೆಗೆ ಒಂದೇ ದೇಶದಂತೆ ವರ್ತಿಸಿದವು. ಮೊದಲ ನಿಲ್ದಾಣದಲ್ಲಿ ತಪಾಸಣೆ ಮುಗಿಸಿದ ಪ್ರಯಾಣಿಕ ಉಳಿದ ಒಂಬತ್ತು ಕಡೆ ನಿರಾತಂಕವಾಗಿ ಓಡಾಡಬಹುದಿತ್ತು.

ಅಪಾಯದ ಮಾತಿಗೆ ಬಂದರೆ ಸೇಂಟ್ ಬಾರ್ಟ್ಸ್ ಹೆಸರು ಎತ್ತಲೇಬೇಕು. ಸುಮಾರು 650 ಮೀಟರಿನ ರನ್‌ವೇ. ಒಂದು ತುದಿಯಲ್ಲಿ ರಸ್ತೆ ಹಾಯುವ ಗುಡ್ಡದ ನೆತ್ತಿ, ಇನ್ನೊಂದು ತುದಿಯಲ್ಲಿ ಜನ ಮಲಗಿರುವ ಮರಳ ತೀರ. 2001ರ ಮಾರ್ಚ್‌ನಲ್ಲಿ ಇಲ್ಲಿ ಇಳಿಯುತ್ತಿದ್ದ ಟ್ವಿನ್ ಆಟರ್ ಬಿದ್ದು ಅದರಲ್ಲಿದ್ದ 19 ಮಂದಿಯೂ, ನೆಲದ ಮೇಲಿದ್ದ ಒಬ್ಬರೂ ಸತ್ತರು. ವಿಶೇಷ ಅನುಮತಿ ಪಡೆದ ಪೈಲಟ್‌ಗೆ ಮಾತ್ರ, ಅದೂ ಹಗಲಿನಲ್ಲಿ ಮಾತ್ರ ಇಲ್ಲಿ ಇಳಿಯಲು ಅವಕಾಶ. ಇಂಥ ಕಟ್ಟುಪಾಡನ್ನು ಸಡಿಲಿಸಬೇಕೆಂದು ಯಾರೂ ಕೇಳಬಾರದು. ಇಷ್ಟು ಅಪಾಯವೇಕೆ, ಕಡಲ ದಾರಿ ಹೇಗೂ ಇದೆ, ಫೆರಿ ಸಾಲದೇ ಎನ್ನುವವರಿಗೆ ಗಾಳಿಯನ್ನು ನೆನಪಿಸಬೇಕು. ವರ್ಷದ ಬಹುಭಾಗ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ದ್ವೀಪಗಳ ನಡುವಿನ ಜಲಸಂಧಿಗಳಲ್ಲಿ ಅಲೆಯನ್ನು ಎತ್ತರಿಸುತ್ತದೆ. ಅದೇ ಗಾಳಿ ಪೈಲಟ್‌ಗೆ ಅನುಕೂಲ. ಬಹುಪಾಲು ರನ್‌ವೇಗಳನ್ನು ಪೂರ್ವ–ಪಶ್ಚಿಮವಾಗಿ ಹಾಕಿರುವುದರಿಂದ ಎದುರುಗಾಳಿ ಸಿಕ್ಕಿ, ಗಿಡ್ಡ ರನ್‌ವೇಯೂ ಸಾಕಾಗುತ್ತದೆ.

ಪರಿಸರದ ಆಕ್ಷೇಪಣೆ ಇದಕ್ಕಿಂತ ಗಂಭೀರ. ಸೆಸ್ನಾ ಗಂಟೆಗೆ ಮೂವತ್ತೈದು ಲೀಟರ್ ಆಸುಪಾಸು ಇಂಧನ ಕುಡಿಯುತ್ತದೆ. ಸೇಂಟ್ ಬಾರ್ಟ್ಸ್‌ನಿಂದ ಸಿಂಟ್ ಮಾರ್ಟನ್‌ಗೆ ಹತ್ತು ಲೀಟರ್ ಕೂಡ ಆಗದು. ಅಷ್ಟರಲ್ಲಿ ನಾಲ್ವರು ಹೋದರೆ ಅದನ್ನು ದುಂದು ಎನ್ನಲಾಗುವುದಿಲ್ಲ. ಒಬ್ಬರೇ ಮೋಜಿಗೆ ಹಾರಿದರೆ ದುಂದೇ. ಆದರೆ ಆ ಇಂಧನದಲ್ಲಿ ಇನ್ನೂ ಸೀಸ ಬೆರೆಸುತ್ತಾರೆ. ಕಾರುಗಳಿಂದ ತೊಲಗಿಸಿದ ಸೀಸ ಪುಟ್ಟ ವಿಮಾನಗಳಲ್ಲಿ ಉಳಿದುಕೊಂಡಿದೆ, ಅದು ಮಕ್ಕಳ ಮಿದುಳಿಗೆ ವಿಷ. ಇದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. 2030ರ ಕೊನೆಯೊಳಗೆ ಸೀಸದ ಇಂಧನವನ್ನು ನಿಲ್ಲಿಸುವ ಗುರಿಯನ್ನು ಅಮೆರಿಕ ಹಾಕಿಕೊಂಡಿದೆ. ಆ ಗುರಿ ಮುಂದಕ್ಕೆ ಹೋಗದಂತೆ ಒತ್ತಾಯಿಸಬೇಕಾದವರಲ್ಲಿ ಈ ವಿಮಾನಗಳನ್ನು ಪ್ರೀತಿಸುವವರೇ ಮೊದಲಿಗರಾಗಬೇಕು.

ಇನ್ನು ಇದೆಲ್ಲ ಶ್ರೀಮಂತರಿಗೆ ಎಂಬ ಮಾತು. ವಿಮಾನ ಇಟ್ಟುಕೊಂಡವರು ಬಡವರಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ 2010ರ ಹೈಟಿ ಭೂಕಂಪದಲ್ಲಿ ರಾಜಧಾನಿಯ ನಿಲ್ದಾಣ ಕಿಕ್ಕಿರಿದಾಗ ಜಾಕ್ಮೆಲ್‌ನಂಥ ಪುಟ್ಟ ರನ್‌ವೇಗಳಿಗೆ ಔಷಧ, ವೈದ್ಯರನ್ನು ಹೊತ್ತು ತಂದದ್ದು ಇಂಥ ಖಾಸಗಿ ವಿಮಾನಗಳು. 2019ರಲ್ಲಿ ಡೋರಿಯನ್ ಚಂಡಮಾರುತ ಬಹಾಮಾಸ್‌ನ ಅಬಾಕೊವನ್ನು ನೆಲಸಮ ಮಾಡಿದಾಗ ಫ್ಲೋರಿಡಾದ ಹವ್ಯಾಸಿ ಪೈಲಟ್‌ಗಳು ನೀರು, ಆಹಾರ ತುಂಬಿಕೊಂಡು ಹಾರಿದರು. ಮೋಜಿಗೆಂದು ಹಾರಿ ಹಾರಿ ಅಲ್ಲಿನ ದಾರಿ, ಗಾಳಿ, ರನ್‌ವೇಯ ಗುಂಡಿಗಳನ್ನು ಬಲ್ಲವರಿದ್ದದ್ದರಿಂದಲೇ ಅದು ಸಾಧ್ಯವಾಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಬಿಟ್ಟು ಹಾಸಿಗೆಯನ್ನೇ ಎಳೆದದ್ದು ಬಾರ್ಬುಡಾ ದ್ವೀಪದಲ್ಲಿ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬಡಿದ ಮೇಲೆ ಅಲ್ಲಿನ ಸುಮಾರು 1,800 ಜನರನ್ನೂ ಆಂಟಿಗುವಾಕ್ಕೆ ಸಾಗಿಸಲಾಯಿತು. ಗುಲಾಮಗಿರಿ ಅಳಿದ ಕಾಲದಿಂದ ಬಾರ್ಬುಡಾದ ನೆಲ ಊರವರ ಸಾಮೂಹಿಕ ಸ್ವತ್ತು. ಜನ ಇನ್ನೂ ಮರಳಿ ನೆಲೆಯೂರುವ ಮೊದಲೇ ಆ ನೆಲದಲ್ಲಿ ಕಾಡು ಸವರಿ ಖಾಸಗಿ ಜೆಟ್‌ಗಳು ಇಳಿಯುವಂಥ ದೊಡ್ಡ ನಿಲ್ದಾಣದ ಕೆಲಸ ಶುರುವಾಯಿತು. ಊರಿನ ಹಳೆಯ ಚಿಕ್ಕ ರನ್‌ವೇಯ ಬಗ್ಗೆ ಯಾರೂ ಮೊಕದ್ದಮೆ ಹೂಡಿರಲಿಲ್ಲ. ಈ ಹೊಸ ನಿಲ್ದಾಣದ ವಿರುದ್ಧ ಇಬ್ಬರು ನಿವಾಸಿಗಳು ಹೂಡಿದ ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಪ್ರಶ್ನಿಸುವ ಹಕ್ಕು ಅವರಿಗಿದೆ ಎಂದು ಆ ನ್ಯಾಯಾಲಯ 2024ರಲ್ಲಿ ಹೇಳಿತು. ಅಷ್ಟರಲ್ಲಿ ರನ್‌ವೇ ಹಾಕಿ ಆಗಿತ್ತು, ಅದೇ ವರ್ಷ ನಿಲ್ದಾಣ ತೆರೆಯಿತು.