ವ್ಯಾನು ಮಾರಿದಿರಿ, ಆರ್.ಸಿ. ಬುಕ್ಕಿನಲ್ಲಿ ಹೆಸರು ಯಾರದ್ದು?



ಕ್ಯಾಟರಿಂಗ್ ಮಾಡುವ ನಮ್ಮವರಲ್ಲಿ ವ್ಯಾನು ಇಲ್ಲದವರು ಕಡಿಮೆ. ಬೆಳಗಿನ ಜಾವ ಕೋಯಂಬೇಡಿಗೆ ತರಕಾರಿಗೆ ಹೋಗುವುದು ಅದೇ, ಮುಹೂರ್ತದ ದಿನ ಕೊಪ್ಪರಿಗೆ, ಒಲೆ, ಬಾಳೆಲೆ ಹೊತ್ತು ಕಲ್ಯಾಣ ಮಂಟಪಕ್ಕೆ ಓಡುವುದೂ ಅದೇ. ಏಳೆಂಟು ವರ್ಷ ದುಡಿಸಿ ಮಾರುತ್ತಾರೆ. ಕೊಳ್ಳುವವನು ಹೆಚ್ಚಾಗಿ ಗುರುತಿನವನೇ. ನಮ್ಮಲ್ಲಿ ಕೆಲಸಕ್ಕಿದ್ದು ಈಗ ಸ್ವಂತ ಮೆಸ್ ಹಾಕಿದ ಭಟ್ಟರು, ಇಲ್ಲವೇ ಹಳೆಯ ಡ್ರೈವರ್. ದುಡ್ಡು ಎಣಿಸಿಕೊಂಡು, ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ, ಪ್ಯಾರಿಸ್ ಕಾರ್ನರ್ ಕಡೆ ಹೋಗಿ ಸ್ಟಾಂಪ್ ಪೇಪರಿನಲ್ಲಿ "ಇಂದಿನಿಂದ ಈ ವಾಹನಕ್ಕೂ ನನಗೂ ಸಂಬಂಧವಿಲ್ಲ" ಎಂದು ಟೈಪ್ ಮಾಡಿಸಿ ನೋಟರಿ ಸೀಲು ಹಾಕಿಸಿದರೆ ವ್ಯವಹಾರ ಮುಗಿಯಿತು ಎಂದು ನಂಬಿಕೆ.

ಅಲ್ಲಿಗೆ ಮುಗಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಲೆಕ್ಕದಲ್ಲಿ, ರಿಜಿಸ್ಟ್ರೇಷನ್ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು. ಸ್ಟಾಂಪ್ ಪೇಪರಿನ ಬರಹ ಮಾರಿದವರ ಮತ್ತು ಕೊಂಡವರ ನಡುವಿನ ಮಾತು ಅಷ್ಟೆ.

ನನಗೆ ಗುರುತಿನ ಹೋಟೆಲ್ ಮಾಲೀಕರೊಬ್ಬರಿಗೆ ಹೀಗೇ ಆಯಿತು. ಮಾರಿ ಮೂರು ವರ್ಷವಾಗಿದ್ದ ವ್ಯಾನು ಪೂನಮಲ್ಲಿ ರಸ್ತೆಯಲ್ಲಿ ಸ್ಕೂಟರಿನವನಿಗೆ ಬಡಿಯಿತು. ಕೊಂಡವನು ಇನ್ಶೂರೆನ್ಸ್ ಕಟ್ಟಿರಲಿಲ್ಲ. ಪರಿಹಾರದ ಕೇಸಿನ ನೋಟಿಸು ಸೀದಾ ಇವರ ಗಲ್ಲಾಪೆಟ್ಟಿಗೆಯ ಮೇಜಿಗೆ ಬಂತು. ನೋಟರಿ ಪೇಪರು ಹಿಡಿದುಕೊಂಡು ವಕೀಲರ ಹತ್ತಿರ ಓಡಿದರು. ವಕೀಲರು ಓದಿ ನೋಡಿ, "ಪರಿಹಾರ ಕಟ್ಟಿದ ಮೇಲೆ ಕೊಂಡವನಿಂದ ವಸೂಲಿ ಮಾಡಲು ಇದು ಉಪಯೋಗಕ್ಕೆ ಬರುತ್ತದೆ, ಕೋರ್ಟು ಮೊದಲು ನೋಡುವುದು ಆರ್.ಸಿ. ಬುಕ್ಕನ್ನೇ" ಎಂದರು. ಕೊಂಡವನ ಅಂಗಡಿಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು.

ವಕೀಲರು ಹೇಳಿದ್ದು ಸುಮ್ಮನೆ ಹೆದರಿಸಲು ಅಲ್ಲ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದೇ ಮಾತು ಹೇಳಿದ್ದಾರೆ. ಆ ಕೇಸಿನಲ್ಲಿ 2009ರಲ್ಲಿ ಒಂದು ಕಾರು ರಿವರ್ಸ್ ಬರುವಾಗ ಬಡಿದು ಒಬ್ಬ ಹುಡುಗ ತೀರಿಕೊಂಡಿದ್ದ. ದಾಖಲೆಯಲ್ಲಿದ್ದ ಮಾಲೀಕರು ತಾವು 2007ರಲ್ಲೇ ಮಾರಿದ್ದೇವೆ ಎಂದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಹೀಗೆ ಕಾರು ಕೈಯಿಂದ ಕೈಗೆ ಹೋಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ಕೋರ್ಟು ಹೊಣೆಯನ್ನು ದಾಖಲೆಯ ಮಾಲೀಕರ ಮೇಲೇ ಹೊರಿಸಿತು. ಕಾರು ಯಾರಿಂದ ಯಾರಿಗೆ ಹೋಯಿತು ಎಂದು ಹುಡುಕುತ್ತಾ ಅಲೆಯುವ ಕಷ್ಟ ಪರಿಹಾರ ಕೇಳುವವರಿಗೆ ಬರಬಾರದು ಎಂಬುದು ಕಾರಣ. ನನಗೂ ಇದು ನ್ಯಾಯವೆಂದೇ ಕಾಣುತ್ತದೆ. ಮಗನನ್ನು ಕಳೆದುಕೊಂಡವರು ನಮ್ಮ ವ್ಯಾಪಾರದ ಲೆಕ್ಕ ಯಾಕೆ ಹುಡುಕಬೇಕು?

ಹಾಗಾದರೆ ನೋಟರಿ ಯಾಕೆ? 1952ರ ನೋಟರಿ ಕಾಯ್ದೆಯಂತೆ ನೇಮಕವಾದ ವಕೀಲರು ಅವರು. ತಮ್ಮ ಎದುರಿಗೆ ಪ್ರಮಾಣ ಮಾಡಿ ಸಹಿ ಹಾಕಿದವರು ಇಂಥವರೇ ಎಂದು ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಸೀಲು ಹಾಕುತ್ತಾರೆ. ಪೇಪರಿನಲ್ಲಿ ಬರೆದದ್ದು ಸತ್ಯವೋ ಸುಳ್ಳೋ ಅದರ ಹೊಣೆ ಸಹಿ ಹಾಕಿದವರದ್ದು. ನೋಟರಿ ಬಹಳ ಉಪಯೋಗಕ್ಕೆ ಬರುವುದು ಬೇರೆ ಕಡೆ. ಆರ್.ಸಿ. ಕಳೆದುಹೋದಾಗ, ವಾರಸುದಾರರ ಒಪ್ಪಿಗೆ ಬೇಕಾದಾಗ, ಮತ್ತು ನಮ್ಮವರ ದೊಡ್ಡ ತಲೆನೋವಾದ ಹೆಸರಿನ ವ್ಯತ್ಯಾಸಕ್ಕೆ. ಇಲ್ಲಿಯ ಪದ್ಧತಿಯಂತೆ ಆರ್.ಸಿ.ಯಲ್ಲಿ ಬರೀ ಇನಿಶಿಯಲ್, ಆಧಾರಿನಲ್ಲಿ ಊರಿನ ಹೆಸರು, ಪ್ಯಾನ್ ಕಾರ್ಡಿನಲ್ಲಿ ರಾವ್ ಅಥವಾ ಶೆಟ್ಟಿ. ಮೂವರೂ ಒಬ್ಬರೇ ಎಂದು ಅಫಿಡವಿಟ್ ಬೇಕಾಗುತ್ತದೆ. ಮೊದಲೇ ಸೀಲು ಒತ್ತಿಟ್ಟ ಪೇಪರನ್ನು ಬ್ರೋಕರ್ ತಂದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಡಿ. ನೋಟರಿಯ ಎದುರೇ ಸಹಿ ಹಾಕಿ, ಅವರ ರಿಜಿಸ್ಟರಿನಲ್ಲೂ ಬರೆಸಿ.

ಮಾರಾಟದ ಕ್ರಮ ಇಷ್ಟು. ವಾಹನ ಇದೇ ರಾಜ್ಯದ್ದಾದರೆ ಮಾರಿದವರು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಮ್ಮ ವಿಳಾಸ ಬರುವ ಆರ್.ಟಿ.ಓ.ದಲ್ಲಿ, ಅಂದರೆ ಮಂದವೇಲಿಯೋ ಕೆ.ಕೆ. ನಗರವೋ ತಿರುವಾನ್ಮಿಯೂರೋ ಅಲ್ಲಿ, ಹೆಸರು ಬದಲಾವಣೆಗೆ ಹೋಗಬೇಕು. ಅರ್ಜಿಯನ್ನು ಈಗ ಪರಿವಾಹನ್ ವೆಬ್‌ಸೈಟಿನಲ್ಲಿ ಹಾಕಬಹುದು. ಏಜೆಂಟ್ ಬೇಡವೆಂದು ನಾನು ಹೇಳುವುದಿಲ್ಲ, ಗಲ್ಲಾ ಬಿಟ್ಟು ಏಳಲು ನಮಗೆಲ್ಲಿ ಪುರುಸೊತ್ತು? ಆದರೆ ಅರ್ಜಿಯ ನಂಬರು, ರಸೀದಿ ನಿಮ್ಮ ಕೈಯಲ್ಲಿರಲಿ. ಕೊಂಡವರು ಇನ್ಶೂರೆನ್ಸ್ ಕಂಪನಿಗೂ 14 ದಿನದೊಳಗೆ ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ರಕ್ಷಣೆ ವಾಹನದ ಜೊತೆಗೇ ಹೋಗುತ್ತದೆ, ಸ್ವಂತ ವಾಹನದ ಜಖಂಗೆ ಸಿಗುವ ಹಣ ಹಾಗೆ ತಾನಾಗಿ ಹೋಗುವುದಿಲ್ಲ.

ನಮ್ಮವರು ಸಿಕ್ಕಿಬೀಳುವುದು ಹೆಚ್ಚಾಗಿ ಬ್ಯಾಂಕಿನ ಎಚ್.ಪಿ.ಯಲ್ಲಿ. ಊರಿನ ಅಭಿಮಾನದಿಂದ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕಿನಲ್ಲೇ ಸಾಲ ಮಾಡಿದವರು ನಾವು. ಕಂತು ತೀರಿಸಿದ ಸಂತೋಷದಲ್ಲಿ ಆರ್.ಸಿ.ಯಲ್ಲಿರುವ ಬ್ಯಾಂಕಿನ ಹೆಸರು ತೆಗೆಸುವುದು ಮರೆತುಹೋಗುತ್ತದೆ. ಈಗ ಮಾರಲು ಹೊರಟರೆ ಆ ಬ್ಯಾಂಕೇ ಇಲ್ಲ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾಕ್ಕೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಗುರುತಿನ ಮ್ಯಾನೇಜರ್ ರಿಟೈರ್ ಆಗಿ ಊರು ಸೇರಿದ್ದಾರೆ. ಗಾಬರಿ ಬೇಡ, ಈಗಿನ ಬ್ಯಾಂಕಿನಿಂದಲೇ ಸಾಲ ತೀರಿದ ಪತ್ರ ಮತ್ತು ಅವರ ಸಹಿಯಿರುವ ಫಾರಂ 35 ಕೇಳಿ ಪಡೆಯಬೇಕು. ಹಳೆಯ ಲೋನ್ ನಂಬರು ಇದ್ದರೆ ಕೆಲಸ ಬೇಗ ಆಗುತ್ತದೆ, ಆದ್ದರಿಂದ ಹಳೆಯ ಪಾಸ್‌ಬುಕ್ ಎಸೆಯಬೇಡಿ. ಮಾರುವ ವಿಚಾರ ಇಲ್ಲದಿದ್ದರೂ ಈ ಕೆಲಸ ಈಗಲೇ ಮಾಡಿಸಿ.

ಎರಡನೆಯದು ತಂದೆಯವರ ಹೆಸರಿನ ವಾಹನ. ಅಣ್ಣತಮ್ಮಂದಿರು ಪಾಲಾಗುವಾಗ ಹೋಟೆಲು, ಊರಿನ ಗದ್ದೆ, ಹಂಡೆ ಕೊಪ್ಪರಿಗೆ ಎಲ್ಲ ಪಟ್ಟಿಯಲ್ಲಿ ಬರೆಯುತ್ತಾರೆ, ವ್ಯಾನು ಯಾರ ಹೆಸರಿಗೆ ಎಂದು ಬರೆಯುವುದಿಲ್ಲ. ಯಾರು ಓಡಿಸುತ್ತಾರೋ ಅವರದ್ದು ಅಂತ ಬಿಟ್ಟಿರುತ್ತಾರೆ. ನಿಯಮದಂತೆ ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಮರಣ ಪತ್ರ, ತಹಶೀಲ್ದಾರರು ಕೊಡುವ ವಾರಿಸು ಸರ್ಟಿಫಿಕೇಟ್, ಉಳಿದ ವಾರಸುದಾರರ ಒಪ್ಪಿಗೆಯ ಅಫಿಡವಿಟ್ ಇಟ್ಟುಕೊಳ್ಳಿ. ಅಕ್ಕತಂಗಿಯರ ಸಹಿಯೂ ಬೇಕು. ಅವರು ಕುಂದಾಪುರದಲ್ಲೋ ಮುಂಬಯಿಯಲ್ಲೋ ಇದ್ದರೆ ಅಲ್ಲಿಯ ನೋಟರಿಯ ಹತ್ತಿರವೇ ಮಾಡಿಸಿ ಕಳಿಸಲಿ. 2021ರಿಂದ ಆರ್.ಸಿ.ಗೆ ನಾಮಿನಿ ಹಾಕುವ ಸೌಕರ್ಯ ಬಂದಿದೆ. ಬ್ಯಾಂಕ್ ಖಾತೆಗೆ ಹಾಕಿದ ಹಾಗೆ ಇದಕ್ಕೂ ಹಾಕಿಸಿದರೆ ಮಕ್ಕಳಿಗೆ ಓಡಾಟ ಕಡಿಮೆ.

ಊರಿನಿಂದ ತಂದ ಕೆ.ಎ. 19, ಕೆ.ಎ. 20 ಗಾಡಿಗಳು ಇಲ್ಲಿ ಎಷ್ಟೋ ಓಡುತ್ತಿವೆ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿಯ ನಂಬರಿಗೆ ಬದಲಾಯಿಸಬೇಕು. ಉಡುಪಿ ಅಥವಾ ಮಂಗಳೂರಿನ ಆರ್.ಟಿ.ಓ.ದಿಂದ ಎನ್.ಓ.ಸಿ. ತರಬೇಕು, ಅದಕ್ಕೆ ಫಾರಂ 28. ಇಲ್ಲಿಯ ಟ್ಯಾಕ್ಸ್ ಬೇರೆ ಕಟ್ಟಬೇಕು. ಆದ್ದರಿಂದ ಊರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವ ಮೊದಲು ಲೆಕ್ಕ ಹಾಕಿ. ಎಷ್ಟೋ ಸಲ ಅಗ್ಗ ಆಗುವುದಿಲ್ಲ.

ಹಳೆ ಗಾಡಿ ಡೀಲರಿಗೆ ಕೊಡುವವರು, ಅವರಿಗೆ ಆರ್.ಟಿ.ಓ. ಅಧಿಕಾರ ಪತ್ರ ಇದೆಯೇ ಕೇಳಿ. 2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ ಅಂಥ ಡೀಲರಿಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29-ಸಿಯಲ್ಲಿ ತಿಳಿಸಿದರೆ, ಮುಂದೆ ಮಾರುವ ತನಕ ಹೊಣೆ ಅವರದ್ದು. ಪುದುಪೇಟೆಯ ಗುಜರಿಗೆ ತೂಕಕ್ಕೆ ಹಾಕುವವರೂ ಆರ್.ಸಿ. ರದ್ದು ಮಾಡಿಸದೆ ಬಿಡಬೇಡಿ.

ಇದನ್ನು ಓದಿದ ಮೇಲೆ ಹಿಂದೆ ಮಾರಿದ ಗಾಡಿಗಳ ನಂಬರನ್ನು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಹೆಸರಿನ ಕೆಲವು ಅಕ್ಷರ ಮುಚ್ಚಿದ್ದರೂ ನಿಮ್ಮದೇ ಹೌದೋ ಅಲ್ಲವೋ ಗೊತ್ತಾಗುತ್ತದೆ. ನಿಮ್ಮದೇ ಇದ್ದರೆ ಕೊಂಡವನು ಇನ್ನೂ ಫೋನ್ ಎತ್ತುವ ಕಾಲದಲ್ಲೇ ಕರೆದುಕೊಂಡು ಆರ್.ಟಿ.ಓ.ಗೆ ಹೋಗಿ. ಹಳೆಯ ಫಾಸ್ಟ್ಯಾಗನ್ನೂ ಅದೇ ದಿನ ಬಂದ್ ಮಾಡಿಸಿ.